ಅಟ್ಯಾಚ್‌ಮೆಂಟ್ ಥೆರಪಿ ಅಂದರೆ ಏನು? ಬಾಗಲಕೋಟೆ, ವಿಜಯಪುರ ಕಡೆ ಯಾರ ಹತ್ತಿರ ಹೋಗಬೇಕು?

ಪ್ರಶ್ನೆ: ನಾನು ಜಮಖಂಡಿ ಹತ್ತಿರದವಳು. ಮದುವೆಯಾಗಿ ಮೂರು ವರ್ಷ. ಗಂಡ ಪುಣೆಯಲ್ಲಿ ಕೆಲಸದಲ್ಲಿದ್ದಾರೆ. ಅವರು ಫೋನ್ ಎತ್ತದಿದ್ದರೆ ನನಗೆ ಕೈಕಾಲು ನಡುಗುತ್ತದೆ, ಎತ್ತುವ ತನಕ ಮಾಡುತ್ತಲೇ ಇರುತ್ತೇನೆ. ಊರಿಗೆ ಬಂದರೆ ಸಿಟ್ಟು ಬಂದು ಮಾತೇ ಆಡುವುದಿಲ್ಲ. ಇದಕ್ಕೆ ಅಟ್ಯಾಚ್‌ಮೆಂಟ್ ಥೆರಪಿ ಬೇಕು ಅಂತ ಓದಿದೆ. ಅದು ಏನು? ನಮ್ಮ ಕಡೆ ಯಾರಾದರೂ ಮಾಡುತ್ತಾರಾ?

ಮಾಡುತ್ತಾರೆ. ಆದರೆ ಆ ಹೆಸರಿನ ಬೋರ್ಡ್ ಹುಡುಕಬೇಡಿ, ಸಿಗುವುದು ಕಷ್ಟ. ನಾನು ವಿಜಯಪುರದವಳು. ನಿಮ್ಮಂಥದ್ದೇ ತೊಂದರೆಗೆ ಇಲ್ಲೇ ಚಿಕಿತ್ಸೆ ತೆಗೆದುಕೊಂಡಿದ್ದೇನೆ. ಪದ್ಧತಿಗೆ ಏನು ಹೆಸರು ಅನ್ನುವುದಕ್ಕಿಂತ, ಸರಿಯಾಗಿ ಓದಿದ ಒಬ್ಬರ ಮುಂದೆ ನೀವು ವಾರ ವಾರ ತಪ್ಪದೆ ಹೋಗಿ ಕೂರುವುದು ದೊಡ್ಡದು. ಯಾಕೆ ಅಂತ ಹೇಳುತ್ತೇನೆ.

ಅಟ್ಯಾಚ್‌ಮೆಂಟ್ ಥೆರಪಿಯ ಮೂಲ ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು. ಚಿಕ್ಕ ಮಗುವಿಗೆ ಊಟ, ನೀರು ಎಷ್ಟು ಬೇಕೋ, ಕರೆದರೆ ಬರುವ ಒಬ್ಬರು ಇದ್ದಾರೆ ಎಂಬ ನಂಬಿಕೆಯೂ ಅಷ್ಟೇ ಬೇಕು ಅಂದರು ಅವರು. ಅಂಗಳದಲ್ಲಿ ಆಡುವ ಮಗುವನ್ನು ನೋಡಿದ್ದೀರಲ್ವಾ? ಆಗಾಗ ಹೊರಳಿ ಬಾಗಿಲ ಕಡೆ ನೋಡುತ್ತದೆ. ಅವ್ವ ಕಂಡರೆ ಮತ್ತೆ ಆಟಕ್ಕೆ ಹೋಗುತ್ತದೆ. ಆ ಧೈರ್ಯದ ಮೇಲೆಯೇ ಮಗು ದೂರ ಹೋಗಲು ಕಲಿಯುತ್ತದೆ. ಈ ನಂಟಿಗೇ ಅಟ್ಯಾಚ್‌ಮೆಂಟ್ ಅನ್ನುತ್ತಾರೆ.

ಬೌಲ್ಬಿ ಜೊತೆ ಕೆಲಸ ಮಾಡಿದ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆಗೆ ಸೇರಿಸಿದ ಚಿಕ್ಕ ಮಕ್ಕಳನ್ನು ಗಮನಿಸಿದರು. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಂದೆತಾಯಿಯನ್ನು ಒಳಗೆ ಬಿಡುತ್ತಿದ್ದದ್ದೇ ಅಪರೂಪ. ಮಗು ಮೊದಲು ಅತ್ತು ಕರೆಯುತ್ತಿತ್ತು. ಆಮೇಲೆ ಸೊರಗುತ್ತಿತ್ತು. ಕೊನೆಗೆ ಶಾಂತವಾಗುತ್ತಿತ್ತು. ನೋಡಿಕೊಳ್ಳುವವರು "ಹೊಂದಿಕೊಂಡಿತು" ಅಂದುಕೊಳ್ಳುತ್ತಿದ್ದರು. ತಾಯಿ ಬಂದಾಗ ಮಾತ್ರ ಅದೇ ಮಗು ಮುಖ ತಿರುಗಿಸುತ್ತಿತ್ತು.

ಇದನ್ನು ಓದಿದಾಗ ನನಗೆ ಅಳು ಬಂತು. ನಮ್ಮ ಕಡೆ ಗುಳೆ ಹೋಗುವುದು ಹೊಸದಲ್ಲ. ನಮ್ಮ ಅವ್ವ ಅಪ್ಪ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ನನ್ನನ್ನು ಆಯಿಯ, ಅಂದರೆ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಜಾತ್ರೆಗೆ ಬಂದಾಗ ನಾನು ಅವ್ವನ ಹತ್ತಿರ ಹೋಗುತ್ತಲೇ ಇರಲಿಲ್ಲ. "ಹುಡುಗಿ ಭಾಳ ಶ್ಯಾಣ್ಯಾ, ಅಳೂದ ಇಲ್ಲ" ಅಂತ ಓಣಿಯವರೆಲ್ಲ ಹೊಗಳುತ್ತಿದ್ದರು. ಆ ಶಾಣ್ಯಾತನಕ್ಕೆ ನಾನು ಏನು ಕೊಟ್ಟಿದ್ದೆ ಅನ್ನುವುದು ನನ್ನ ಮದುವೆಯಾದ ಮೇಲೆ ಗೊತ್ತಾಯಿತು. ನಮ್ಮ ಮನೆಯವರು ಡ್ಯೂಟಿ ಮೇಲೆ ಎರಡು ದಿನ ಹೊರಗೆ ಹೋದರೂ ನನಗೆ ಉಸಿರು ಕಟ್ಟುತ್ತಿತ್ತು.

ಮೇರಿ ಐನ್ಸ್‌ವರ್ತ್ ಎಂಬ ಸಂಶೋಧಕಿ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ನೋಡುತ್ತಾ ಕೂತವರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಸುಮಾರು ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಕೆಲವು ನಿಮಿಷ ಹೊರಗೆ ಹೋಗುತ್ತಾಳೆ. ಅವಳು ಮರಳಿ ಬಂದಾಗ ಮಗು ಏನು ಮಾಡುತ್ತದೆ ಎಂಬುದೇ ಅಲ್ಲಿ ಮುಖ್ಯ. ಕೆಲವು ಮಕ್ಕಳು ಓಡಿ ಬಂದು ಅಪ್ಪಿಕೊಂಡು ಸಮಾಧಾನವಾಗುತ್ತವೆ. ಕೆಲವು ಏನೂ ಆಗದಂತೆ ಆಟ ಮುಂದುವರಿಸುತ್ತವೆ. ಇನ್ನು ಕೆಲವು ಎತ್ತಿಕೋ ಅಂತ ಅಳುತ್ತವೆ, ಎತ್ತಿಕೊಂಡರೆ ಒದೆಯುತ್ತವೆ. ಫೋನ್ ಮೇಲೆ ಫೋನ್ ಮಾಡಿ, ಬಂದ ಮೇಲೆ ಮಾತು ಬಿಡುವುದು ಈ ಕೊನೆಯದಕ್ಕೆ ಹತ್ತಿರ ಅನಿಸುವುದಿಲ್ವಾ? ದೊಡ್ಡವರ ಪ್ರೀತಿಯಲ್ಲೂ ಇದೇ ನಡೆಯುತ್ತದೆ ಎಂಬ ಅಧ್ಯಯನ 1987ರಲ್ಲಿ ಬಂತು, ಹೇಝನ್ ಮತ್ತು ಶೇವರ್ ಅವರದು.

ಆದರೆ ಇವು ರೋಗದ ಹೆಸರುಗಳಲ್ಲ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು "ನಾನು ಇಂಥ ಟೈಪ್" ಅಂತ ಹಣೆಗೆ ಬರೆದುಕೊಳ್ಳಬೇಡಿ. ಈ ರೀತಿಗಳು ಬದಲಾಗುತ್ತವೆ. ಅವ್ವನ ಮೇಲೆ ತಪ್ಪು ಹೊರಿಸುವ ಚಿಕಿತ್ಸೆಯೂ ಇದಲ್ಲ. ಮಗು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಳ್ಳುತ್ತದೆ ಅಂತ ಆಮೇಲಿನ ಸಂಶೋಧನೆ ತೋರಿಸಿದೆ. ನನ್ನ ಡಾಕ್ಟರ್ ಮೇಡಂ ಅವ್ವನ ಬಗ್ಗೆ ಎಷ್ಟು ಕೇಳಿದರೋ ಆಯಿಯ ಬಗ್ಗೆಯೂ ಅಷ್ಟೇ ಕೇಳಿದರು. ರಾತ್ರಿ ಹೆದರಿದಾಗ ಯಾರ ಸೀರೆ ಹಿಡಿದು ಮಲಗುತ್ತಿದ್ದೆ ಅಂತ ಕೇಳಿದಾಗ, ನನಗೂ ಒಬ್ಬರು ಇದ್ದರಲ್ಲ ಅಂತ ಎಷ್ಟೋ ವರ್ಷಗಳ ಮೇಲೆ ನೆನಪಾಯಿತು.

ಚಿಕಿತ್ಸೆಯ ಕೋಣೆಯೊಳಗೆ ನಡೆಯುವುದು ಮಾತೇ. ಈಗಿನ ಸಂಬಂಧದಲ್ಲಿ ಏನಾಗುತ್ತಿದೆ, ಯಾವ ಗಳಿಗೆಯಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಆ ಭಯ ಮೊದಲು ಎಲ್ಲಿ ಕಂಡಿತ್ತು ಅಂತ ನಿಧಾನವಾಗಿ ಬಿಡಿಸುತ್ತಾರೆ. ಇದರ ಜೊತೆಗೆ, ಚಿಕಿತ್ಸೆ ಕೊಡುವವರ ಜೊತೆಗಿನ ನಿಮ್ಮ ಸಂಬಂಧವನ್ನೇ ಎತ್ತಿಕೊಂಡು ಮಾತಾಡುತ್ತಾರೆ. ನನಗೆ ಕೆಲಸ ಮಾಡಿದ್ದು ಇದೇ. ಮೇಡಂ ಒಮ್ಮೆ ರಜೆ ಹೋದರು. ಮುಂಚೆಯೇ ಹೇಳಿದ್ದರು, ಆದರೂ ನನಗೆ ಇನ್ನು ಹೋಗುವುದೇ ಬೇಡ ಅನಿಸಿತು. ಅವರು ಬಂದ ಮೇಲೆ ಹಾಗೆ ಅನಿಸಿದ್ದನ್ನು ಹೇಳಿದೆ. ಅವರು ಬೇಜಾರಾಗಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. "ಸಿಟ್ಟು ಬಂದಿತ್ತು, ಆದರೂ ಬಂದು ಹೇಳಿದ್ರಿ. ಹೇಳಿದ ಮೇಲೂ ನಾನು ಇಲ್ಲೇ ಇದ್ದೀನಿ" ಅಂದರು. ಸಿಟ್ಟು ತೋರಿಸಿದರೂ ಎದುರಿನವರು ಉಳಿಯುತ್ತಾರೆ ಅಂತ ನನ್ನ ಮೈ ನಂಬಿದ್ದು ಆವತ್ತೇ. ಪುಸ್ತಕ ಓದಿ ಇದು ಆಗುವುದಿಲ್ಲ. ಅದಕ್ಕೇ ನಿಯಮಿತವಾಗಿ ಸಿಗುವ ಒಬ್ಬರು ಬೇಕು ಅಂದಿದ್ದು.

ಈಗ ಹುಡುಕುವ ವಿಷಯ. ಮನೋವೈದ್ಯರು ಎಂಬಿಬಿಎಸ್ ಮೇಲೆ ಆ ವಿಷಯದಲ್ಲಿ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು, ಸಾಮಾನ್ಯವಾಗಿ ಎಂ.ಫಿಲ್ ಮಾಡಿ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರುತ್ತಾರೆ. ಆ ನೋಂದಣಿ ನಂಬರ್ ಕೇಳಲು ಸಂಕೋಚ ಬೇಡ. ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರ ಓದು ಒಬ್ಬರದು ಒಂದು ತರ ಇರುತ್ತದೆ, ವಿಚಾರಿಸಿಯೇ ಹೋಗಿ. ನಾನು ಮೊದಲು ಹೋದ ಒಬ್ಬರು "ಹೊಂದ್ಕೊಂಡು ಹೋಗ್ರಿ" ಅಂದರು, ನಾನು ಹೇಳಿದ್ದನ್ನು ನಮ್ಮ ಅತ್ತೆಗೂ ಮುಟ್ಟಿಸಿದರು. ಅದು ಅವರು ಮಾಡಿದ ಅನ್ಯಾಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಪಾಡುವುದು ರೋಗಿಯ ಹಕ್ಕು ಅಂತಲೇ ಇದೆ.

ನಿಮಗೆ ಹತ್ತಿರದ ದಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗ. ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇ, ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಬಿಮ್ಸ್ ಇವೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ, ಯಾವ ದಿನ ಸಿಗುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ದೊಡ್ಡದು, ಆದರೆ ವಾರ ವಾರ ಹೋಗಿ ಬರಲು ನಿಮಗೆ ದೂರ. ಅಲ್ಲಿ ಒಮ್ಮೆ ತೋರಿಸಿ, ಮುಂದಿನದು ಆನ್‌ಲೈನ್‌ನಲ್ಲಿ ಆಗುತ್ತಾ ಅಂತ ಕೇಳಬಹುದು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಜಾಗ ಇದ್ದರೆ ಮಾತ್ರ ಆನ್‌ಲೈನ್ ಒಳ್ಳೆಯದು. ತುಂಬಿದ ಮನೆಯಲ್ಲಿ ಅದು ಕಷ್ಟ. ತಕ್ಷಣ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ಗಳಿಗೆ ಕರೆ ಮಾಡಿ.

ಮಾತಿನ ಚಿಕಿತ್ಸೆ ಕೊಡುತ್ತೀರಾ, ಒಂದು ಸಲಕ್ಕೆ ಎಷ್ಟು ಹೊತ್ತು, ಫೀಸು ಎಷ್ಟು, ಚಿಕ್ಕಂದಿನ ಸಂಬಂಧಗಳ ಮೇಲೆ ಕೆಲಸ ಮಾಡುತ್ತೀರಾ ಅಂತ ಮೊದಲೇ ಕೇಳಿಬಿಡಿ. ಸಾಮಾನ್ಯವಾಗಿ ಮುಕ್ಕಾಲು ಗಂಟೆ ಕೊಡುತ್ತಾರೆ. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸಿದರೆ ಅದು ನೀವು ಕೇಳಿದ ಚಿಕಿತ್ಸೆ ಅಲ್ಲ. ನಮ್ಮ ಕಡೆಯ ಮಾತು ಅವರಿಗೆ ಅರ್ಥವಾಗುತ್ತಾ ಅಂತಲೂ ನೋಡಿ. ಅಳುವಾಗ ಪುಸ್ತಕದ ಕನ್ನಡ ಬಾಯಿಗೆ ಬರುವುದಿಲ್ಲ.

ಅಟ್ಯಾಚ್‌ಮೆಂಟ್ ಥೆರಪಿ ಅನ್ನುವ ಇದೇ ಹೆಸರು ಹೇಳಿಕೊಂಡು ಮಗುವನ್ನು ಬಲವಂತವಾಗಿ ಅದುಮಿ ಹಿಡಿಯುವ ಪದ್ಧತಿಯೊಂದು ಅಮೆರಿಕದಲ್ಲಿತ್ತು. 2000ರಲ್ಲಿ ಕೊಲೊರಾಡೊದಲ್ಲಿ ಹತ್ತು ವರ್ಷದ ಹುಡುಗಿ ಅಂಥದ್ದರಲ್ಲಿ ಉಸಿರುಗಟ್ಟಿ ಸತ್ತಳು. ಬೌಲ್ಬಿ ಹೇಳಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಮೈಮುಟ್ಟಿ ಬಲವಂತ ಮಾಡುವ ಮಾತೆತ್ತಿದರೆ ಎದ್ದು ಬನ್ನಿ.

ಇನ್ನೊಂದನ್ನು ನಿಮಗೆ ನೀವೇ ಕೇಳಿಕೊಳ್ಳಿ. ನಿಮ್ಮ ಗಂಡ ಕೆಲಸದಲ್ಲಿದ್ದು ಫೋನ್ ಎತ್ತುವುದಿಲ್ಲವಾ, ಇಲ್ಲ ದಿನಗಟ್ಟಲೆ ಬೇಕಂತಲೇ ಮಾತು ಬಿಡುತ್ತಾರಾ? ಬೈಯುವುದು, ಹೊಡೆಯುವುದು ಇದೆಯಾ? ಇದ್ದರೆ ನಿಮ್ಮ ಭಯ ಹಳೆಯದಲ್ಲ, ಅದು ಸರಿಯಾಗಿಯೇ ಎಚ್ಚರಿಸುತ್ತಿದೆ. ಆಗ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಅದೇನೂ ಇಲ್ಲದಿದ್ದರೆ, ನೀವು ಸ್ವಲ್ಪ ಗಟ್ಟಿಯಾದ ಮೇಲೆ ಅವರನ್ನೂ ಒಮ್ಮೆ ಕರೆದುಕೊಂಡು ಹೋಗಿ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾಡುವ ಇದೇ ಬೇರಿನ ಚಿಕಿತ್ಸೆಯೂ ಇದೆ.

ಸದ್ಯಕ್ಕೆ ನೀವು ಇಲ್ಲಿ ಬರೆದ ಪ್ರಶ್ನೆಯನ್ನೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ದಿನ ಬಾಯಿ ಬರದಿದ್ದರೆ ಅದನ್ನೇ ಕೊಡಿ, ಅವರು ಅಲ್ಲಿಂದ ಶುರು ಮಾಡುತ್ತಾರೆ. ಜಮಖಂಡಿಯಿಂದ ಬರುವುದಾದರೆ ಬೆಳಗಿನ ಬಸ್ಸಿಗೇ ಹೊರಡಿ, ಓಪಿಡಿ ಚೀಟಿ ಮಾಡಿಸಲು ಪಾಳಿ ಹಚ್ಚಬೇಕಾಗುತ್ತದೆ.