ನಡುನೀರಲ್ಲಿ ಇಂಜಿನ್ ನಿಂತರೆ ಮೊದಲು ಲಂಗರು

ಪ್ರಶ್ನೆ: ನಾನು, ನನ್ನ ತಮ್ಮ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ಒಮ್ಮೆ ಹೊರಟರೆ ಮೂರ್ನಾಲ್ಕು ದಿನ ಅಡುಗೆ, ನಿದ್ದೆ ಎಲ್ಲಾ ದೋಣಿಯಲ್ಲೇ. ಹೋದ ತಿಂಗಳು ಡೀಸೆಲ್ ಇಂಜಿನ್ ವಿಪರೀತ ಕಾದು ಹೊಗೆ ಬಂತು, ಆರಿಸಿದೆವು. ಮರುದಿನ ಕ್ಯಾನಿನ ಡೀಸೆಲ್ ಹಾಕಿ ಹೊರಟರೆ ಹತ್ತೇ ನಿಮಿಷಕ್ಕೆ ಕೆಮ್ಮಿ ಕೆಮ್ಮಿ ನಿಂತಿತು. ಇಬ್ಬರೂ ಹ್ಯಾಂಡಲ್ ತಿರುಗಿಸುತ್ತಾ ಇದ್ದಾಗ ದೋಣಿ ಗಾಳಿಗೆ ಸರಿದು, ಮುಳುಗಿದ ಜಾಲಿ ಗಿಡಕ್ಕೆ ಬಡಿಯಿತು. ಹೊಸ ಇಂಜಿನ್ ತರೋಣ ಅಂತಾನೆ ತಮ್ಮ. ಏನು ಮಾಡೋಣರಿ?
– ಕೊಲ್ಹಾರದ ಓದುಗರು

ಉತ್ತರ: ಇಂಜಿನ್ ವಿಷಯ ಆಮೇಲೆ. ಇಬ್ಬರೂ ಒಟ್ಟಿಗೆ ಇಂಜಿನ್ ಮೇಲೆ ಬಗ್ಗಿದ್ದೇ ತಪ್ಪಾಯಿತು. ಜಲಾಶಯ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದ ಗರಿಷ್ಠ ಮಟ್ಟಕ್ಕೆ ತುಂಬಿದಾಗ ಹಳೇ ಗೋಡೆ, ಗಿಡ ಯಾವುದೂ ಕಣ್ಣಿಗೆ ಬೀಳಲ್ಲ. ಇಂಜಿನ್ ನಿಂತ ಕೂಡಲೇ ಒಬ್ಬರು ಲಂಗರು ಬಿಡಿ. ಆರು ಮೀಟರ್ ಆಳ ಇದ್ದರೆ ಕನಿಷ್ಠ ಮೂವತ್ತು ಮೀಟರ್ ಹಗ್ಗ ಬಿಡಬೇಕು. ಹಗ್ಗ ಗಿಡ್ಡವಾದರೆ ಲಂಗರು ನೆಲ ಕಚ್ಚದೆ ಸುಮ್ನೆ ಜಾರುತ್ತದೆ.

ಇನ್ನು ಕಾದದ್ದು. ನಿಮ್ಮ ಇಂಜಿನ್ ಹೊರಗಿನ ನೀರನ್ನೇ ಎಳೆದು ತಂಪಾಗುವಂಥದ್ದು ಅಂದುಕೊಳ್ಳುತ್ತೇನೆ. ಹೊರಟ ಕೂಡಲೇ ಪಕ್ಕದ ಪೈಪಿನಿಂದ ನೀರು ಬೀಳುತ್ತಿದೆಯಾ ನೋಡುವ ರೂಢಿ ಇರಲಿ. ಬೀಳದಿದ್ದರೆ ಆರಿಸಿ, ಅರ್ಧ ತಾಸು ಬಿಡಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಇಂಜಿನ್ನಿನ ಮೇಲ್ಭಾಗದ ಹೆಡ್ ಸೀಳಬಹುದು. ಆಮೇಲೆ ನೀರೆಳೆಯುವ ಜಾಲರಿ ಬಿಚ್ಚಿ. ಪಾಚಿ, ಬಲೆಯ ಎಳೆ, ಪ್ಲಾಸ್ಟಿಕ್ ಚೀಲ, ಏನಾದರೂ ಸಿಕ್ಕೀತು. ಜಾಲರಿ ಚೊಕ್ಕ ಇದ್ದರೆ ನೀರಿನ ಪಂಪ್ ತೆಗೆಯಿರಿ. ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರ ಇರುತ್ತದೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಅದರ ರೆಕ್ಕೆ ಹರಿಯುತ್ತವೆ. ಹೊಸದು ಹಾಕಿ, ಆದರೆ ಹಳೆಯದರ ರೆಕ್ಕೆ ಎಣಿಸಿ. ಒಂದು ಕಮ್ಮಿ ಬಂದರೆ ಆ ತುಂಡು ಮುಂದಿನ ಪೈಪಿನಲ್ಲಿ ಅಡ್ಡ ಕೂತಿರುತ್ತದೆ. ಅದನ್ನು ತೆಗೆಯದಿದ್ದರೆ ನಾಳೆ ಮತ್ತೆ ಕಾಯುತ್ತದೆ.

ಮರುದಿನದ್ದು ಬೇರೆ ರೋಗ. ನನ್ನ ಅನುಮಾನ ಕ್ಯಾನಿನ ಮೇಲೆ. ಆ ಡೀಸೆಲನ್ನು ಗಾಜಿನ ಸೀಸೆಗೆ ಹಾಕಿ ಕಾಲು ತಾಸು ಅಲುಗಾಡಿಸದೆ ಇಡಿ. ನೀರಿದ್ದರೆ ತಳಕ್ಕಿಳಿದು, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಇದ್ದರೆ ಟ್ಯಾಂಕಿನ ತಳದ ನೀರನ್ನು ಡಬ್ಬಿಗೆ ಬಸಿಯಿರಿ, ಹೊಳೆಗೆ ಚೆಲ್ಲಬೇಡಿ. ಫಿಲ್ಟರ್ ಬದಲಿಸಿ. ಅಲ್ಲಿಗೆ ಮುಗಿಯಲಿಲ್ಲ, ಈಗ ಡೀಸೆಲ್ ಪೈಪಿನ ಲೈನಿನಲ್ಲಿ ಏರ್ (ಗಾಳಿ) ಹಿಡಿದಿರುತ್ತದೆ. ಹೊಲದ ಪಂಪ್‌ಸೆಟ್ ಇಂಜಿನ್ ಏರ್ ತೆಗೆದವರಿಗೆ ಇದು ಹೊಸದಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ. ಟ್ಯಾಂಕ್ ಮೇಲಿದ್ದರೆ ಡೀಸೆಲ್ ತಾನೇ ಇಳಿಯುತ್ತದೆ, ಕೆಳಗಿದ್ದರೆ ಫೀಡ್ ಪಂಪಿನ ಹಿಡಿಕೆ ಒತ್ತುತ್ತಾ ಇರಿ. ಮೊದಲು ಬುರುಗು, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಆಗ ಸ್ಕ್ರೂ ಬಿಗಿಯಿರಿ. ಇಷ್ಟಕ್ಕೂ ಹತ್ತದಿದ್ದರೆ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ ಹೋಗುವ ಪೈಪಿನ ನಟ್ ಒಂದು ಸುತ್ತು ಸಡಿಲಿಸಿ ಹ್ಯಾಂಡಲ್ ತಿರುಗಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಬೆರಳು ದೂರ ಇರಲಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ತಮ್ಮನಿಗೆ ಹೇಳಿ, ಹೊಸ ಇಂಜಿನ್ ಸದ್ಯಕ್ಕೆ ಬೇಡ. ಆ ದುಡ್ಡಿನ ಒಂದು ಚೂರಿಗೆ ಎರಡು ಇಂಪೆಲ್ಲರ್, ಎರಡು ಫಿಲ್ಟರ್, ಒಂದು ಬೆಲ್ಟ್, ಹೋಸ್ ಪೈಪ್, ಕ್ಲಿಪ್ಪು ಬರುತ್ತವೆ. ಡೀಸೆಲ್ ಸೋಸಲು ಜಾಲರಿ ಇರುವ ಲಾಳಿಕೆಯೂ ಬೇಕು. ಲೈಫ್ ಜಾಕೆಟ್ ಇಬ್ಬರಿಗೂ ಇರಲೇಬೇಕು, ಇದರಲ್ಲಿ ಚೌಕಾಸಿ ಬೇಡ. ಪ್ರೊಪೆಲ್ಲರಿಗೆ ಬಲೆ ಸುತ್ತಿದರೆ ಕತ್ತರಿಸಲು ಒಂದು ಚಾಕು, ಅದೂ ಇಂಜಿನ್ ಪೂರ್ತಿ ಆರಿಸಿದ ಮೇಲೆ.

ಹಾಂ, ಇಂಜಿನ್ ಹ್ಯಾಂಡಲಿಗೆ ಒಂದು ಹಗ್ಗ ಕಟ್ಟಿ ದೋಣಿಗೆ ಗಂಟು ಹಾಕಿಡಿ. ನನ್ನದೊಂದು ನಾರಾಯಣಪುರ ಹಿನ್ನೀರಿನ ತಳದಲ್ಲಿದೆ.