ಪ್ರತಿ: ಕ್ರಿಸ್‌ಮಸ್‌ಗೆ ಗೆಳೆಯರಿಗೆ ಓದಲು ಏನು ಕಳಿಸಲಿ?

ಶುಭಾಶಯದ ಜೊತೆ ಭರವಸೆ ಮೂಡಿಸುವಂಥ ಓದು ಕಳಿಸಬೇಕು, ಆದರೆ ಗೆಳೆಯರೆಲ್ಲ ಕ್ರೈಸ್ತರಲ್ಲ, ಒಬ್ಬರ ತಾಯಿ ಈ ವರ್ಷ ತೀರಿಕೊಂಡಿದ್ದಾರೆ ಅಂತ ಬರೆದಿದ್ದೀರಿ. ಹಾಗಿದ್ದರೆ ಎಲ್ಲರಿಗೂ ಒಂದೇ ಫಾರ್ವರ್ಡ್ ಬೇಡ. ಅದನ್ನು ಯಾರೂ ಓದುವುದಿಲ್ಲ, ಅಲ್ವಾ?

ಚರ್ಚಿಗೆ ಹೋಗುವವರಿಗೆ ಬೈಬಲಿನಲ್ಲಿ ಯೇಸು ಹುಟ್ಟಿದ ಕಥೆ, ಅಂದರೆ ಲೂಕನ ಸುವಾರ್ತೆಯ 2ನೇ ಅಧ್ಯಾಯದ ಮೊದಲ 20 ವಚನ ಸಾಕು. ಉಳಿದವರಿಗೆ ನಾನಾದರೆ 1914ರ ಕ್ರಿಸ್‌ಮಸ್ ಬಗ್ಗೆ ಕಳಿಸುತ್ತೇನೆ. ಮೊದಲ ಮಹಾಯುದ್ಧದ ಪಶ್ಚಿಮ ರಂಗದಲ್ಲಿ ಹಲವು ಕಡೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕ ಬಿಟ್ಟು ಹೊರಗೆ ಬಂದರು. ಕೈ ಕುಲುಕಿದರು, ಹಾಡಿದರು. ಸಿಗರೇಟು, ಕೋಟಿನ ಗುಂಡಿ ಕೊಟ್ಟು ತೆಗೆದುಕೊಂಡರು. ನಡುವೆ ಬಿದ್ದಿದ್ದ ಹೆಣಗಳನ್ನು ಹೂಳಿದರು. ಅವರು ಮನೆಗೆ ಬರೆದ ಪತ್ರಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಒಂದನ್ನು ಆರಿಸಿ, ಯಾಕೆ ಇಷ್ಟವಾಯಿತು ಅಂತ ಎರಡು ಸಾಲು ಬರೆದು ಕಳಿಸಿ. ಯುದ್ಧ ಮತ್ತೆ ಶುರುವಾಯಿತು, ನಿಜ. ಆದರೂ ಬರೀ ಸಿಹಿ ಕಥೆಗಿಂತ ಇದು ಜಾಸ್ತಿ ನಾಟುತ್ತದೆ.

ತಾಯಿಯನ್ನು ಕಳೆದುಕೊಂಡವರಿಗೆ ಮಾತ್ರ ಈ ಪತ್ರ ಬೇಡ. ಉದ್ದದ ಓದೂ ಬೇಡ. 'ಹ್ಯಾಪಿ', 'ಮೆರ್ರಿ' ಬಿಟ್ಟುಬಿಡಿ. "ಈ ಸಲ ಹಬ್ಬ ಕಷ್ಟ ಅಂತ ಗೊತ್ತು. ಅಮ್ಮನ ನೆನಪು ನನಗೂ ಬರ್ತಿದೆ. ಉತ್ತರ ಬರೀಲೇಬೇಕು ಅಂತಿಲ್ಲ." ಇಷ್ಟೇ ಸಾಕು. ನೋವಾಗಬಹುದು ಅಂತ ಸುಮ್ನೆ ಇದ್ದುಬಿಡುವವರೇ ಜಾಸ್ತಿ.

ಇನ್ನೊಂದು ಮಾತು, ಎಲ್ಲವನ್ನೂ 25ರಂದೇ ಕಳಿಸಬೇಕಿಲ್ಲ. ಆ ದಿನ ಎಲ್ಲರ ಫೋನೂ ತುಂಬಿರುತ್ತದೆ. ಹಳೇ ವಾಡಿಕೆಯ ಪ್ರಕಾರ ಕ್ರಿಸ್‌ಮಸ್ 12 ದಿನದ ಹಬ್ಬ, 28ಕ್ಕೋ 29ಕ್ಕೋ ಕಳಿಸಿದರೂ ತಡವಾಗುವುದಿಲ್ಲ.