ಬಿಳಿ ರಸ್ತೆ ಹಿಡಿಯಿರಿ, ಹೊಳೆಯ ಆಚೆ ದಡ ಹಿಡಿಯಿರಿ

ಸೈಕಲ್ ಪ್ರಶ್ನೋತ್ತರ: ಈ ಸಲ ಫ್ರಾನ್ಸ್‌ನ ಹಳ್ಳಿ ರಸ್ತೆಗಳು

ಪ್ರಶ್ನೆ: 2027ರ ಆಗಸ್ಟ್‌ನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಬ್ರೆವೆಯ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) 1,200 ಕಿ.ಮೀ. ಮುಗಿಸಿ, ಅಲ್ಲೇ ಒಂದು ವಾರ ಉಳಿದು ನಿಧಾನವಾಗಿ ಸುತ್ತುವ ಆಸೆ. ಫೋನಿನ ನಕ್ಷೆ ಪದೇ ಪದೇ ದೊಡ್ಡ ರಸ್ತೆಗೇ ಒಯ್ಯುತ್ತದೆ. ವಾಹನ ಕಡಿಮೆ ಇರುವ ರಸ್ತೆಯನ್ನು ಮೊದಲೇ ಗುರುತಿಸುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಅಲ್ಲಿನ ರಸ್ತೆಗಳಿಗೆ ಅಕ್ಷರವೇ ಜಾತಕ. ‘ಎ’ ಎಂದರೆ ಹೆದ್ದಾರಿ, ಅಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ‘ಎನ್’ ರಾಷ್ಟ್ರೀಯ ರಸ್ತೆ, ಲಾರಿಗಳ ದಾರಿ, ದೂರವಿರಿ. ‘ಡಿ’ ಜಿಲ್ಲಾ ರಸ್ತೆ, ‘ಸಿ’ ಗ್ರಾಮ ರಸ್ತೆ. ಸಾಮಾನ್ಯವಾಗಿ ‘ಡಿ’ ಸಂಖ್ಯೆ ದೊಡ್ಡದಾದಷ್ಟೂ ರಸ್ತೆ ಚಿಕ್ಕದು. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಹಿಂದೆ ರಾಷ್ಟ್ರೀಯ ರಸ್ತೆಗಳಾಗಿದ್ದ ಎಷ್ಟೋ ರಸ್ತೆಗಳು ಜಿಲ್ಲೆಗಳ ಪಾಲಾಗಿ, 900ರ ಮೇಲಿನ ಸಂಖ್ಯೆ ಹೊತ್ತು ಈಗಲೂ ಭರ್ತಿ ವಾಹನ ಓಡಿಸುತ್ತಿವೆ. ಜಿಲ್ಲೆಯ ಗಡಿ ದಾಟಿದ ಕೂಡಲೇ ಅದೇ ರಸ್ತೆಯ ಸಂಖ್ಯೆ ಬದಲಾಗುವುದೂ ಉಂಟು. ಹಾಗಾಗಿ ಚೀಟಿಯಲ್ಲಿ ಸಂಖ್ಯೆಯ ಜೊತೆ ಮುಂದಿನ ಎರಡು ಊರುಗಳ ಹೆಸರನ್ನೂ ಬರೆದುಕೊಳ್ಳಿ.

ಕಾಗದದ ನಕ್ಷೆಯೊಂದು ಕೈಯಲ್ಲಿರಲಿ. ಮಿಶೆಲಿನ್‌ನ ನಕ್ಷೆಯಲ್ಲಿ ಕೆಂಪು ಎಂದರೆ ಮುಖ್ಯರಸ್ತೆ, ಹಳದಿ ಎಂದರೆ ಮಧ್ಯಮ, ಬಿಳಿಯದು ನಿಮ್ಮದು. ಬಿಳಿ ರಸ್ತೆಯ ಎರಡೂ ಅಂಚಿನ ಗೆರೆ ಬಿಡದೆ ಎಳೆದಿದ್ದರೆ ಡಾಂಬರು. ಅಂಚು ತುಂಡು ತುಂಡಾಗಿದ್ದರೆ ಮಣ್ಣು. ರಸ್ತೆಯ ಪಕ್ಕ ಹಸಿರು ಗೆರೆಯಿದ್ದರೆ ನೋಟ ಚೆನ್ನ ಎಂದಷ್ಟೇ ಅರ್ಥ. ಚೆಂದದ ರಸ್ತೆಗೆ ಕಾರುಗಳೂ ಬರುತ್ತವೆ, ಅದಕ್ಕೆ ಮರುಳಾಗಬೇಡಿ. ರಸ್ತೆಯ ಮೇಲಿನ ಬಾಣದ ಗುರುತು ಏರಿನ ದಿಕ್ಕಿಗೆ ಮುಖ ಮಾಡಿರುತ್ತದೆ: ಒಂದು ಬಾಣಕ್ಕೆ ಶೇ 5ರಿಂದ 9ರ ಏರು (ನೂರು ಮೀಟರಿಗೆ 5ರಿಂದ 9 ಮೀಟರ್ ಎತ್ತರ), ಎರಡಕ್ಕೆ 9ರಿಂದ 13, ಮೂರಿದ್ದರೆ 13ಕ್ಕೂ ಹೆಚ್ಚು. ಬ್ಯಾಗ್ ಹೊತ್ತ ಸೈಕಲ್‌ನಲ್ಲಿ ಮೂರು ಬಾಣದ ಏರಿಗೆ ಇಳಿದು ತಳ್ಳುವುದೇ ಸರಿ.

ಇನ್ನೊಂದು ಸೂತ್ರ ಹೊಳೆಯದು. ಕಣಿವೆಯಲ್ಲಿ ಮುಖ್ಯರಸ್ತೆ ಸಾಮಾನ್ಯವಾಗಿ ಒಂದೇ ದಡ ಹಿಡಿದು ಸಾಗುತ್ತದೆ. ಎದುರು ದಡದಲ್ಲಿ ಊರಿಂದೂರಿಗೆ ಹೋಗುವ ಸಣ್ಣ ರಸ್ತೆ ಇದ್ದೇ ಇರುತ್ತದೆ. ದೊರ್ದೋನ್ ಹೊಳೆಯ ಬಡಗಣ ದಡದಲ್ಲಿ ಬೆನಾಕ್ ಮುಟ್ಟುವ ಡಿ 703ರ ಮೇಲೆ ಆಗಸ್ಟ್‌ನಲ್ಲಿ ಪ್ರವಾಸಿಗರ ಕಾರಿನ ಸಾಲು. ತೆಂಕಣ ದಡದಲ್ಲಿ ಕಾಸ್ತೆಲ್ನೋ ದಾಟಿ ಮುಂದೆ ಹೋಗುವ ಡಿ 53 ಅದಕ್ಕಿಂತ ಎಷ್ಟೋ ಹಗುರ. ಎದುರು ದಡದ ರಸ್ತೆಗೆ ಏರಿಳಿತ ಜಾಸ್ತಿ, ಅಷ್ಟು ಬೆಲೆ ತೆರಲೇಬೇಕು.

ಇಷ್ಟೊಂದು ಸಣ್ಣ ಡಾಂಬರು ರಸ್ತೆ ಎಲ್ಲಿಂದ ಬಂತು ಎಂದು ಬೆರಗಾಗುವುದು ಸಹಜ. ಫ್ರಾನ್ಸ್‌ನಲ್ಲಿ ಸುಮಾರು 35,000 ಗ್ರಾಮ-ಪುರಸಭೆಗಳಿವೆ. 1836ರ ಮೇ 21ರ ಕಾಯ್ದೆ ಊರೂರ ನಡುವಿನ ರಸ್ತೆಯ ದುರಸ್ತಿಯನ್ನು ಅವುಗಳಿಗೆ ಕಡ್ಡಾಯ ಮಾಡಿತು. ಅದಕ್ಕಾಗಿ ಊರಿನವರಿಂದ ವರ್ಷಕ್ಕೆ 3 ದಿನದವರೆಗೆ ದುಡಿಮೆಯನ್ನೋ ಅದರ ಬದಲು ಹಣವನ್ನೋ ಪಡೆಯಬಹುದಿತ್ತು. ಆಮೇಲೆ ಹಳ್ಳಿಗಳು ಬರಿದಾದವು, ರಸ್ತೆಗಳು ಉಳಿದವು. ಇಂದಿನ ನಿಶ್ಶಬ್ದದ ಗುಟ್ಟು ಇದೇ.

ನಿಮ್ಮ ಒಂದು ವಾರಕ್ಕೆ ನಮ್ಮ ಆಯ್ಕೆ ಕ್ರೋಜ್ ಜಿಲ್ಲೆ. ಪ್ಯಾರಿಸ್‌ನ ಓಸ್ತರ್ಲಿಟ್ಜ್ ನಿಲ್ದಾಣದಿಂದ ಲಿಮೋಜ್ ಕಡೆಯ ರೈಲಿನಲ್ಲಿ ಲಾ ಸೂತರೇನ್‌ನಲ್ಲಿ ಇಳಿಯಿರಿ. ಸೈಕಲ್‌ಗೂ ಮುಂಗಡ ಟಿಕೆಟ್ ಬೇಕು. ಅಲ್ಲಿಂದ ತೆಂಕಣ-ಮೂಡಣಕ್ಕೆ ವಾಸಿವಿಯೇರ್ ಕೆರೆ, ಅದರಾಚೆ ಮಿಲ್‌ವಾಶ್ ಪ್ರಸ್ಥಭೂಮಿ. ಚಪ್ಪಟೆ ನೆಲ ಅಂತ ಇಲ್ಲ, ದಿನಕ್ಕೆ 60–70 ಕಿ.ಮೀ. ಸಾಕು. ಬ್ರೆವೆಯಲ್ಲಿ ದಣಿದ ಕಾಲಿಗೆ ಅದಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಅರವತ್ತು ದಾಟಿದ ದಂಪತಿ ನಾವು. ಕಾರೇ ಬಾರದ ದಾರಿ ಬೇಕು, ಏರು ಬೇಡ. (ಮೈಸೂರಿನ ಓದುಗರು)

ಉತ್ತರ: ಹಾಗಾದರೆ ‘ವ್ವಾ ವೆರ್ತ್’, ಅಂದರೆ ಹಸಿರು ದಾರಿ. ಹಳೆಯ ರೈಲು ಹಳಿ ಕಿತ್ತು ಮಾಡಿದವು ಉತ್ತಮ, ಏಕೆಂದರೆ ರೈಲು ಕಡಿದಾದ ಏರು ಹತ್ತದು. ಬೂರ್ಗೋನ್‌ನ ಜಿವ್ರಿ–ಕ್ಲೂನಿ ದಾರಿ ಸುಮಾರು 44 ಕಿ.ಮೀ., ದ್ರಾಕ್ಷಿತೋಟಗಳ ಪಕ್ಕದಲ್ಲೇ ಸಾಗುತ್ತದೆ. ಬೋರ್ಡೋದಿಂದ ಸೋವ್‌ತೇರ್‌ವರೆಗೆ ಐವತ್ತಕ್ಕೂ ಹೆಚ್ಚು ಕಿ.ಮೀ. ಉದ್ದದ ಇನ್ನೊಂದಿದೆ, 1937ರ ಟೂರ್ ಡಿ ಫ್ರಾನ್ಸ್ ಗೆದ್ದ ರೊಜೇ ಲಪೆಬಿ ಅವರ ಹೆಸರಿನದು. ‘ವೆಲೊರೂತ್’ ಎಂಬ ಫಲಕ ಕಂಡರೆ ಅದೇ ಭರವಸೆ ಬೇಡ. ಅದು ಸೈಕಲ್ ಮಾರ್ಗ ನಿಜ, ನಡುನಡುವೆ ಕಾರಿನ ರಸ್ತೆಯಲ್ಲೂ ಹೋಗುತ್ತದೆ. ಹೆಸರಾಂತ ಲ್ವಾರ್ ಹೊಳೆಯ ಮಾರ್ಗವೂ ಹಾಗೇ. ಅಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುವುದರಿಂದ ಕಡಲ ಕಡೆಯಿಂದ ಹೊರಟು ಮೂಡಣಕ್ಕೆ ಬನ್ನಿ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳು.

ಪ್ರಶ್ನೆ: ತುಲೂಜ್‌ನಲ್ಲಿ ಕೆಲಸಕ್ಕಿದ್ದೇನೆ. ಕನಾಲ್ ದು ಮಿದಿ ಕಾಲುವೆಯ ಏರಿಯ (ದಂಡೆಯ) ಮೇಲೆ ಕಡಲ ದಡದ ಸೆತ್‌ವರೆಗೆ 25 ಮಿ.ಮೀ. ಟೈರಿನ ರೋಡ್ ಬೈಕ್‌ನಲ್ಲಿ ಹೋಗಬಹುದೇ? (ತುಲೂಜ್‌ನ ಕನ್ನಡಿಗ ಓದುಗರು)

ಉತ್ತರ: ಹೋಗಬೇಡಿ. ಒಟ್ಟು 240 ಕಿ.ಮೀ. ಕಾಲುವೆಯಲ್ಲಿ ತುಲೂಜ್‌ನಿಂದ ಪೋರ್-ಲೊರಾಗೇ ವರೆಗಿನ ಸುಮಾರು 50 ಕಿ.ಮೀ. ನುಣುಪು ಡಾಂಬರು. ಅದಾದ ಮೇಲೆ ಬಹುಪಾಲು ಮಣ್ಣು, ಜಲ್ಲಿ, ದಾರಿಗೆ ಅಡ್ಡ ಎದ್ದ, ‘ಪ್ಲೇನ್’ ಎಂಬ ಸಾಲುಮರದ ಬೇರು. ಬೇರಿಗೆ ಬಡಿದಾಗ ಸಣ್ಣ ಟೈರಿನ ಟ್ಯೂಬು ರಿಮ್ಮಿನ ಎರಡು ಅಂಚಿಗೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ. ಮಳೆ ಬಿದ್ದರೆ ಜೇಡಿ ಬ್ರೇಕಿನೊಳಗೆ ತುಂಬುತ್ತದೆ. ಶಿಲೀಂಧ್ರ ರೋಗಕ್ಕೆ ಸಾವಿರಾರು ಪ್ಲೇನ್ ಮರ ಕಡಿದಿರುವುದರಿಂದ ಹಲವೆಡೆ ನೆರಳೂ ಇಲ್ಲ. ಏರಿಯ ಮೇಲೇ ಹೋಗುವುದಾದರೆ 38 ಮಿ.ಮೀ. ಹಾಕಿ. 25ರಲ್ಲೇ ಹೋಗುವುದಾದರೆ ಕಾಲುವೆಯ ಅತಿ ಎತ್ತರದ ಜಾಗ ನೊರೂಜ್ ಮುಟ್ಟಿದ ಮೇಲೆ ಏರಿ ಬಿಟ್ಟು ಪಕ್ಕದ ಬಿಳಿ ರಸ್ತೆಗಳಿಗೆ ಇಳಿಯಿರಿ. ಹೊರಡುವ ಮುನ್ನ ಗಾಳಿ ನೋಡಿ: ಪಡುವಣದ ಗಾಳಿ ‘ಸೇರ್ಸ್’ ಬೀಸಿದರೆ ಬೆನ್ನಿಗೆ, ತೆಂಕಣ-ಮೂಡಣದ ಗಾಳಿ ‘ಓತಾಂ’ ಬೀಸಿದರೆ ಎದೆಗೆ.

ಪ್ರಶ್ನೆ: ಅಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡರೆ ಏನು ನೋಡಬೇಕು? ರಸ್ತೆ ನಿಯಮಗಳೇನು? (ಧಾರವಾಡದ ಓದುಗರು)

ಉತ್ತರ: ಮೊದಲು ಬ್ರೇಕು. ನಮ್ಮ ಹಲವು ಸೈಕಲ್‌ಗಳಲ್ಲಿ ಬಲಗೈಯದು ಮುಂದಿನ ಚಕ್ರಕ್ಕೆ. ಫ್ರಾನ್ಸ್‌ನಲ್ಲಿ ಎಡಗೈಯದು ಮುಂದಿನದು. ಗಾಬರಿಯಲ್ಲಿ ಎಡಗೈ ಬಿಗಿ ಹಿಡಿದರೆ ತಲೆಯ ಮೇಲೆ ಬೀಳುತ್ತೀರಿ. ಹತ್ತು ನಿಮಿಷ ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ. ಕನ್ನಡಿ ಎಡಬದಿಗಿರಲಿ, ಸವಾರಿ ಬಲಬದಿಯಲ್ಲಿ. ಬಿಳಿ ರಸ್ತೆಗೆ 32 ಮಿ.ಮೀ. ಟೈರ್ ತಕ್ಕದ್ದು, 70 ಕೆ.ಜಿ. ತೂಕದವರಿಗೆ ಟೈರಿನ ಗಾಳಿಯ ಒತ್ತಡ ಮುಂದೆ 50, ಹಿಂದೆ 60 ಪಿಎಸ್‌ಐ ಸುಮಾರಿಗೆ ಸರಿ.

ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರದ್ದೇ ಮೊದಲ ಹಕ್ಕು, ಅದು ಓಣಿಯಿಂದ ಬಂದ ಟ್ರ್ಯಾಕ್ಟರ್ ಆದರೂ. ಹೊಸಬರು ತಪ್ಪುವುದು ಇಲ್ಲೇ. ಊರಾಚೆ ರಾತ್ರಿ ಅಥವಾ ಮಂಜಿನಲ್ಲಿ ಮಿನುಗುವ ಜಾಕೆಟ್ ಕಡ್ಡಾಯ. ಬೆಲ್ ಬೇಕು, ಇಯರ್‌ಫೋನ್ ಕೂಡದು. ಊರಾಚೆ ಸೈಕಲ್ ದಾಟುವ ಕಾರು 1.5 ಮೀಟರ್, ಊರೊಳಗೆ 1 ಮೀಟರ್ ಅಂತರ ಬಿಡಬೇಕು. ಬೇಸಿಗೆಯಲ್ಲಿ ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ಹೊಸ ಡಾಂಬರಿನ ಮೇಲೆ ಸಡಿಲ ಜಲ್ಲಿ ಚೆಲ್ಲಿದ್ದಾರೆ ಎಂದರ್ಥ: ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಊಟ, ನೀರು? (ಮಂಗಳೂರಿನ ಓದುಗರು)

ಉತ್ತರ: ನೀರಿಗೆ ಊರಿನ ಸ್ಮಶಾನ ಹುಡುಕಿ. ಹೂಗಿಡಗಳಿಗೆಂದು ಗೇಟಿನ ಹತ್ತಿರ ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಬೇಡಿ. ಅಂಗಡಿಗಳು 12ರಿಂದ 2ರವರೆಗೆ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗದು, ಸೋಮವಾರ ಬೇಕರಿಯೂ ಬಾಗಿಲು ಹಾಕಿರಬಹುದು. ಹಾಗಾಗಿ ಭಾನುವಾರ ಬೆಳಿಗ್ಗೆಯೇ ಎರಡು ಹೊತ್ತಿನ ಬ್ರೆಡ್, ಬಾಳೆಹಣ್ಣು, ಡಬ್ಬಿಯ ಬೇಳೆ ಕೊಂಡಿಡಿ. ಹೋಟೆಲಿನಲ್ಲಿ ‘ಮಾಂಸ ಬೇಡ’ ಎಂದರಷ್ಟೇ ಸಾಲದು; ಮೀನೋ ಹಂದಿಮಾಂಸದ ಚೂರೋ ಬಂದೀತು. ‘ನಿ ವ್ಯಾಂದ್, ನಿ ಪ್ವಾಸೋಂ, ನಿ ಲಾರ್ದೋಂ’ ಎಂದು ಮೂರನ್ನೂ ಹೆಸರಿಸಿ.